ಪಟ್ಟೆ ಬಟ್ಟೆ ಹೊಲಿದ ಮಳೆಗಾಲ

ಹೋದ ವಾರ ಮೊಮ್ಮಗಳ ಜೊತೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನಿಂದ ಕೆಳಗಿಳಿಯುತ್ತಿದ್ದೆ. ಮೆಟ್ಟಿಲ ಬುಡದಲ್ಲಿ ಒಂದು ಟೀ ಅಂಗಡಿ. ಅಂಗಡಿಯವನು ಟೀ ಸೋಸುವ ಬಟ್ಟೆಯನ್ನು ಹಿಂಡಿ, ಮಳೆಗೆ ನೆನೆದ ಹಗ್ಗದ ಮೇಲೆ ಹಾಕಿದ. ಬೆಂದ ಟೀ ಪುಡಿ, ಒದ್ದೆ ಹತ್ತಿ ಬಟ್ಟೆ, ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಮೂಗಿಗೆ ಸೆರಗು ಹಿಡಿದು ನಿಂತೆ. "ಏನಾಯ್ತು ಅಜ್ಜಿ? ಒಂದು ಟೀ ಕುಡಿ, ಸರಿ ಹೋಗುತ್ತೆ" ಎಂದಳು ಮೊಮ್ಮಗಳು. ಬೇಡ ಎಂದೆ. ನಾನು ಟೀ ಬಿಟ್ಟು ವರ್ಷಗಳಾದವು. ಯಾಕೆ ಬಿಟ್ಟೆ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ. ಮುದುಕಿಯರು ಏನೇನೋ ಬಿಡುತ್ತಾರೆ, ಅದನ್ನೆಲ್ಲ ಯಾರು ಕೇಳುತ್ತಾ ಕೂರುತ್ತಾರೆ.

ಅದೇ ಸ್ಟೇಷನ್ನಿನ ಕಂಬಗಳಿಗೆ ಗುಂಡಿ ತೋಡುತ್ತಿದ್ದ ವರ್ಷದ ಮಾತು ಇದು. ಮೈಸೂರು ರೋಡಿನ ಅರ್ಧಕ್ಕೆ ತಗಡು ಹೊಡೆದಿದ್ದರು. ಉಳಿದ ಅರ್ಧದಲ್ಲಿ ಬಸ್ಸು, ಲಾರಿ, ಆಟೋ, ದನ ಮತ್ತು ನಾವು. ಆಷಾಢದಲ್ಲಿ ಹಿಡಿದ ಮಳೆ ಭಾದ್ರಪದ ಬಂದರೂ ಬಿಡಲಿಲ್ಲ. ಮೋರಿ ತುಂಬಿ ರಸ್ತೆಗೆ ಬರುತ್ತಿತ್ತು. ನಾನು ಕೆಲಸಕ್ಕಿದ್ದ ಗಾರ್ಮೆಂಟ್ಸ್ ಜಂಕ್ಷನ್ನಿನಿಂದ ಒಳಗೆ, ಗೋಡೌನುಗಳ ಸಾಲಿನ ಕೊನೆಯಲ್ಲಿತ್ತು. ಕೆಳಗೆ ಬಟ್ಟೆ ಕತ್ತರಿಸುವವರು, ಮಾಳಿಗೆಯಲ್ಲಿ ಮಿಷನ್ನು, ಅದರ ಮೇಲೆ ತಾರಸಿ. ಈಗ ಆ ಕಟ್ಟಡ ಇಲ್ಲ. ಆ ಜಾಗದಲ್ಲಿ ಕಾರು ತೊಳೆಯುತ್ತಾರೆ.

ಗಾರ್ಮೆಂಟ್ಸಿನಲ್ಲಿ ಯಾರೂ ಬಟ್ಟೆ ಹೊಲಿಯುವುದಿಲ್ಲ. ಒಬ್ಬಳು ತೋಳು, ಒಬ್ಬಳು ಜೇಬು, ಒಬ್ಬಳು ಕಾಜಾ. ನನ್ನದು ಕಾಲರು. ಅಷ್ಟು ವರ್ಷ ಕಾಲರು ಹೊಲಿದೆ, ಅದು ಯಾರ ಕತ್ತಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಪಕ್ಕದ ಮಿಷನ್ನಿನಲ್ಲಿ ಜಯಮ್ಮ, ಅವಳದು ತೋಳು. ನಮ್ಮ ವಠಾರದಲ್ಲೇ ಎರಡು ಮನೆ ಆಚೆ ಇದ್ದಳು. ಒಟ್ಟಿಗೆ ಬರುತ್ತಿದ್ದೆವು, ಒಟ್ಟಿಗೆ ಹೋಗುತ್ತಿದ್ದೆವು. ಅವಳ ಮೊದಲ ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಅವಳ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ನಮ್ಮ ಮೇಲೆ ಮ್ಯಾನೇಜರ್ ಆಗಿದ್ದವಳು ಸುಜಾತ. ನನ್ನ ತವರು ಹೇರೋಹಳ್ಳಿ, ಅವಳದೂ ಅದೇ. ಲೆಕ್ಕದಲ್ಲಿ ನನಗೆ ತಂಗಿಯಾಗಬೇಕು. ಅವಳು ಅಂಬೆಗಾಲಿಡುವಾಗ ನಾನು ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ. ಅವಳು ಓದಿದಳು, ನಾನು ಮೂರನೇ ಕ್ಲಾಸಿಗೆ ಬಿಟ್ಟೆ. ಫ್ಯಾಕ್ಟರಿಯಲ್ಲಿ ಎಲ್ಲರ ಮುಂದೆ ನಾನು ಅವಳಿಗೆ ಮೇಡಂ ಎನ್ನುತ್ತಿದ್ದೆ, ಅವಳು ನನಗೆ ಅಕ್ಕ ಎನ್ನುತ್ತಿದ್ದಳು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಷಾಢದಲ್ಲಿ ಆ ಬಟ್ಟೆ ಬಂತು. ಒರಟು ಬಟ್ಟೆ, ಬೂದಿ ಬಣ್ಣದ ಮೇಲೆ ನೀಲಿ ಪಟ್ಟೆ, ಮೇಲಿಂದ ಕೆಳಗೆ. ಕೋಟಿನಂಥ ಮೇಲಂಗಿ, ಪೈಜಾಮ, ತಲೆಗೊಂದು ಗುಂಡು ಟೋಪಿ. ಎದೆಯ ಹತ್ತಿರ ಒಂದು ತುಂಡು ಬಿಳಿ ಬಟ್ಟೆ ಇಟ್ಟು ಹೊಲಿಯಬೇಕು. ಅದರ ಮೇಲೆ ಏನೂ ಬರೆಯುವಂತಿಲ್ಲ.

"ಇದೇನ್ ಮೇಡಂ, ಜೈಲಿಂದು ಆರ್ಡರಾ?" ಎಂದಳು ಜಯಮ್ಮ.

"ಫಾರಿನ್ ಆಸ್ಪತ್ರೆ ಬಟ್ಟೆ ಜಯಮ್ಮ. ರೋಗಿಗಳು ಹಾಕ್ಕೊಳ್ಳೋದು. ಮಾತು ಕಮ್ಮಿ, ತೋಳು ಜಾಸ್ತಿ ಹೊಲಿ" ಎಂದಳು ಸುಜಾತ.

ನಂಬಿದೆವು. ಆದರೆ ಹೊಲಿದು ಮುಗಿದ ಬಟ್ಟೆಯನ್ನು ಇಸ್ತ್ರಿ ಮಾಡಿ ಡಬ್ಬಕ್ಕೆ ತುಂಬಲಿಲ್ಲ. ತಾರಸಿಗೆ ಹೊತ್ತುಕೊಂಡು ಹೋಗಿ ಎಂದರು. ಅಲ್ಲಿ ತಗಡಿನ ಮಾಡಿನ ಕೆಳಗೆ ಡ್ರಮ್ಮುಗಳಲ್ಲಿ ಟೀ ಪುಡಿ ಕುದಿಯುತ್ತಿತ್ತು. ಹೊಸ ಬಟ್ಟೆಯನ್ನು ಅದರಲ್ಲಿ ಅದ್ದಬೇಕು. ತೆಗೆದು ಇಟ್ಟಿಗೆ ಚೂರಿನಿಂದ ಮೊಣಕೈ, ಮೊಣಕಾಲು ಉಜ್ಜಬೇಕು. ಅಂಚನ್ನು ಹರಿಯಬೇಕು. ಮಣ್ಣಿನಲ್ಲಿ ಹೊರಳಿಸಿ ಮಳೆಗೆ ಹಾಕಬೇಕು. ನಾಲ್ಕು ಸಲ ಹೊಲಿಗೆ ಬಿಚ್ಚಿ ಹೊಲಿದು ಸರಿಮಾಡಿದ ಕಾಲರನ್ನು ನನ್ನ ಕೈಯಿಂದಲೇ ಹಾಳು ಮಾಡಿಸಿದರು.

"ಹೊಸಾ ಬಟ್ಟೆ ಹಾಳು ಮಾಡೋಕೆ ಸಂಬಳ ಕೊಡ್ತಾವ್ರೆ ಕಣೇ ನಿಂಗಕ್ಕ. ಇದನ್ನೇ ನಮ್ಮನೇಗೆ ಕೊಟ್ಟಿದ್ರೆ ನನ್ ಗಂಡ ಪುಕ್ಸಟ್ಟೆ ಮಾಡಿಕೊಡೋನು, ಒಂದೇ ದಿನದಲ್ಲಿ" ಎಂದಳು ಜಯಮ್ಮ. ತಾರಸಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

"ರೋಗಿಗಳಿಗೆ ಹರಿದ ಬಟ್ಟೆ ಯಾಕೆ ಮೇಡಂ?" ಎಂದು ಸುಜಾತಳನ್ನು ಕೇಳಿದೆ. "ನಿಮಗ್ಯಾಕಕ್ಕಾ ಆ ತಲೆನೋವು?" ಎಂದು ಹೋದಳು. ಸರಿ, ನನಗ್ಯಾಕೆ ಎಂದು ನಾನೂ ಬಿಟ್ಟೆ. ಆ ಡ್ರಮ್ಮುಗಳ ವಾಸನೆ ಮಾತ್ರ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತಿತು. ತಲೆ ತೊಳೆದರೂ ಹೋಗುತ್ತಿರಲಿಲ್ಲ.

ಆ ವರ್ಷ ನನ್ನ ಗಂಡನಿಗೆ ಕಾಮಾಲೆ ಆಗಿತ್ತು. ಹೆಸರು ಚಿಕ್ಕಣ್ಣ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ, ಸತ್ತವರ ಹೆಸರು ಹೇಳಿದರೆ ಯಾರ ಆಯಸ್ಸು ಕಮ್ಮಿಯಾಗುತ್ತದೆ? ಅವರು ನಮ್ಮ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲೇ ಒಂದು ಗೋಡೌನಿನಲ್ಲಿ ರಾತ್ರಿ ವಾಚ್‌ಮನ್. ಓದಿಲ್ಲ, ಆಸ್ತಿಯಿಲ್ಲ. ಆದರೆ ಅವರು ಕಾದ ಗೋಡೌನಿನಿಂದ ಒಂದು ಮೊಳೆಯೂ ಹೊರಗೆ ಹೋಗಿಲ್ಲ ಎಂದು ಇಡೀ ನಾಯಂಡಹಳ್ಳಿ ಹೇಳುತ್ತಿತ್ತು. ಅವರಿಗಿದ್ದದ್ದು ಅದೊಂದೇ. ಕಾಮಾಲೆ ಬಿಟ್ಟಾಗ ಮೈಯಲ್ಲಿ ಮೂಳೆ ಮಾತ್ರ ಉಳಿದಿತ್ತು. ನಾನು ಹೊತ್ತಿದ್ದ ಹರಕೆಯಂತೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದರು. ಬೋಳು ತಲೆ, ಒಳಗೆ ಹೋದ ಕೆನ್ನೆ. ಇದ್ದ ಅಂಗಿಗಳೆಲ್ಲ ಮೈಮೇಲೆ ನೇತಾಡುತ್ತಿದ್ದವು. ಆ ಥಂಡಿಯಲ್ಲಿ ಮತ್ತೆ ರಾತ್ರಿ ಕೆಲಸಕ್ಕೆ ಹೊರಟರು.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ ಇತ್ತು. ಕಲೆಯಾದ, ಓರೆಯಾದ ಬಟ್ಟೆಯನ್ನು ರಿಜೆಕ್ಟ್ ಎಂದು ಬದಿಗೆ ಹಾಕುತ್ತಿದ್ದರು. ಹಬ್ಬದ ಮುಂಚೆ ಅದನ್ನು ನಮಗೇ ಹಂಚುತ್ತಿದ್ದರು. ನಾಯಂಡಹಳ್ಳಿಯ ಅರ್ಧ ಮಕ್ಕಳು ಒಂದು ತೋಳು ಉದ್ದ, ಒಂದು ತೋಳು ಗಿಡ್ಡದ ಫಾರಿನ್ ಅಂಗಿಯಲ್ಲೇ ಬೆಳೆದರು. ಆ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ರಿಜೆಕ್ಟ್ ಮೂಟೆ ಬಿಚ್ಚಿದಾಗ ಅದರಲ್ಲಿದ್ದದ್ದು ಬರೀ ಪಟ್ಟೆ ಬಟ್ಟೆ. ಒರಟಾದರೂ ಬೆಚ್ಚಗಿನ ಬಟ್ಟೆ. ಹೆಂಗಸರು ಒಂದೊಂದು ಎಳೆದುಕೊಂಡರು. ನಾನು ಸುಮ್ಮನೆ ನಿಂತಿದ್ದೆ. ಸುಜಾತಳೇ ಒಂದು ಜೊತೆ ಆರಿಸಿ, ಟೋಪಿಯನ್ನೂ ಸೇರಿಸಿ ನನ್ನ ಕೈಗಿಟ್ಟಳು.

"ತಗೊಂಡೋಗಿ ಅಕ್ಕಾ. ಭಾವಂಗೆ ಆಗುತ್ತೆ. ರಾತ್ರಿ ಚಳೀಲಿ ಕೂತಿರ್ತಾರೆ ಪಾಪ."

ಜಯಮ್ಮ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕೈಯಲ್ಲೂ ಎರಡು ಮೇಲಂಗಿ ಇತ್ತು.

ಮನೆಯಲ್ಲಿ ಅವರು ಹಾಕಿಕೊಂಡು ಕನ್ನಡಿ ನೋಡಿಕೊಂಡರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅವತ್ತೇ. "ಏನೇ ಇದು, ಕಾಯೋನೂ ನಾನೇ, ಕೈದೀನೂ ನಾನೇ ಆದ್ನಲ್ಲ" ಎಂದರು. ದಿನಾ ರಾತ್ರಿ ಅದನ್ನೇ ಹಾಕಿಕೊಂಡು ಹೋಗುತ್ತಿದ್ದರು.

ಆ ಹಬ್ಬ ಕಳೆದು ನಾಲ್ಕೈದು ದಿನಕ್ಕೆ ಆರ್ಡರು ಕೊಟ್ಟ ಹೆಂಗಸು ಬಂದಳು. ಹೆಸರು ಎಡಿತ್. ನನಗಿಂತ ಸ್ವಲ್ಪ ಚಿಕ್ಕವಳು, ಬಿಳೀ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡಿದ್ದಳು. ಆಫೀಸಿನ ಹುಡುಗಿ ಶ್ವೇತಾ ಅವಳ ಇಂಗ್ಲಿಷನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಎಡಿತ್ ಬೇರೆ ಸಾಹೇಬರ ಹಾಗೆ ಬಾಗಿಲಲ್ಲಿ ನಿಂತು ಹೋಗಲಿಲ್ಲ. ನನ್ನ ಮಿಷನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಕಾಲರನ್ನು ತಿರುಗಿಸಿ ನೋಡಿ ಏನೋ ಅಂದಳು.

"ನೀವು ಚೆನ್ನಾಗಿ ಹೊಲೀತೀರಂತೆ. ಅವರಜ್ಜೀನೂ ಟೈಲರ್ ಆಗಿದ್ರಂತೆ" ಎಂದಳು ಶ್ವೇತಾ.

"ಹಂಗಾದ್ರೆ ಕೇಳಮ್ಮಾ, ಈ ಆಸ್ಪತ್ರೆ ಬಟ್ಟೇನ ಯಾಕೆ ಕೊಳೆ ಮಾಡಿಸ್ತಾರೆ ಅಂತ" ಎಂದೆ.

ಶ್ವೇತಾ ಕೇಳಿದಳು. ಆ ಹೆಂಗಸು ಆಸ್ಪತ್ರೆಯಾ ಎಂದು ಎರಡು ಸಲ ಕೇಳಿ ಸುಜಾತಳ ಕಡೆ ನೋಡಿದಳು. ಆಮೇಲೆ ಊಟದ ಹೊತ್ತಿನಲ್ಲಿ, ನಾವು ಡಬ್ಬಿ ಬಿಚ್ಚಿ ಕೂತಿದ್ದಾಗ, ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದಳು.

ಅದು ಸಿನಿಮಾಕ್ಕೆ ಬೇಕಾದ ಬಟ್ಟೆ, ಹಾಕಿ ಸವೆದ ಹಾಗೆ ಕಾಣಬೇಕಿತ್ತು. ಅವಳಜ್ಜಿಯ ಕಾಲದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಅಜ್ಜಿಯ ದೇಶ ಹಂಗೇರಿ. ನಮ್ಮ ಕೆಂಗೇರಿಯ ಹಾಗೆ ಕೇಳಿಸಿದ್ದಕ್ಕೆ ನೆನಪುಳಿಯಿತು, ಭೂಪಟದಲ್ಲಿ ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಅವರು ಯಹೂದಿ ಜನ. ಅದಕ್ಕೂ ನೂರಾರು ವರ್ಷ ಮುಂಚಿನಿಂದ ಒಂದೊಂದು ರಾಜನ ಕಾಲದಲ್ಲಿ ಒಂದೊಂದು ದೇಶದಿಂದ ಅವರನ್ನು ಓಡಿಸುತ್ತಲೇ ಬಂದಿದ್ದರಂತೆ. ರೋಗ ಬಂದರೆ ಬಾವಿಗೆ ಇವರೇ ವಿಷ ಹಾಕಿದರು ಎನ್ನುತ್ತಿದ್ದರಂತೆ. ಈ ಸಲ ಜರ್ಮನಿಯವರು ಬಂದರು. ಎಲ್ಲರೂ ಕೋಟಿನ ಮೇಲೆ ಹಳದಿ ಬಟ್ಟೆಯ ಗುರುತು ಹೊಲಿದುಕೊಳ್ಳಬೇಕು ಎಂದು ಹುಕುಂ ಆಯಿತು. ಬೀದಿಯವರದೆಲ್ಲ ಅಜ್ಜಿಯೇ ಹೊಲಿದುಕೊಟ್ಟಳು, ಟೈಲರ್ ಅಲ್ಲವೇ. ಆಮೇಲೆ ಹಿಡಿದು ರೈಲಿಗೆ ತುಂಬಿದರು, ದನ ಸಾಗಿಸುವ ಡಬ್ಬಿಗೆ. ಅಜ್ಜಿ ಅಟ್ಟದಲ್ಲಿ ಬಚ್ಚಿಟ್ಟುಕೊಂಡಿದ್ದಳು. ಪಕ್ಕದ ಮನೆಯವಳು ಪೊಲೀಸರಿಗೆ ಅಟ್ಟ ತೋರಿಸಿದಳು. ಆ ಪಕ್ಕದ ಮನೆಯವಳ ಮದುವೆಯ ಬಟ್ಟೆ ಹೊಲಿದವಳು ಈ ಅಜ್ಜಿ. ಬೀದಿಯಲ್ಲಿ ನಡೆಸಿಕೊಂಡು ಹೋಗುವಾಗ ಎಲ್ಲ ಮನೆಯ ಕಿಟಕಿ ಪರದೆಯ ಹಿಂದೆ ಜನ ನಿಂತಿದ್ದರು. ಒಂದು ಪರದೆಯೂ ಸರಿಯಲಿಲ್ಲ. ಅಲ್ಲಿ, ದೂರದ ಶಿಬಿರದಲ್ಲಿ, ತಲೆ ಬೋಳಿಸಿ ಹಾಕಿಸಿದ ಬಟ್ಟೆ ಇದು. ಉಪವಾಸದಿಂದ ಸತ್ತರು, ದುಡಿದು ಸತ್ತರು, ಉಳಿದವರನ್ನು ವಿಷದ ಗಾಳಿಯಲ್ಲಿ ಕೊಂದರು. ಹೊಲಿಗೆ ಬರುತ್ತಿತ್ತು ಎಂದು ಅಜ್ಜಿಯನ್ನು ದುಡಿಸಿಕೊಂಡರು, ಅದಕ್ಕೇ ಬದುಕಿದಳು.

ಹೇಳುತ್ತ ಎಡಿತ್ ಅತ್ತಳು. ನಮ್ಮಲ್ಲಿ ಅಳದವರು ಕಡಿಮೆ. ಜಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು "ಅಯ್ಯೋ, ಆ ಪಕ್ಕದ್ಮನೆ ಮುಂಡೆ ಬಾಯಿಗೆ ಮಣ್ಣು ಹಾಕ" ಎಂದಳು. ನಾನು ಅಳಲಿಲ್ಲ.

"ತೋರಿಸಿಕೊಟ್ಟವಳಿಗೆ ಆಮೇಲೆ ಏನಾಯ್ತು, ಕೇಳಮ್ಮ" ಎಂದೆ.

ಎಡಿತ್ ಕಣ್ಣೊರೆಸಿಕೊಂಡು ಹೇಳಿದಳು. ಶ್ವೇತಾ ಅದನ್ನು ಕನ್ನಡದಲ್ಲಿ ಹೇಳಿದಳು: "ಏನೂ ಆಗ್ಲಿಲ್ವಂತೆ. ಅಜ್ಜಿ ವಾಪಸ್ ಬಂದಾಗ ಅವಳು ಅಜ್ಜಿಯ ಕೋಟ್ ಹಾಕ್ಕೊಂಡು ಬಾಗಿಲು ತೆಗೆದಳಂತೆ. ಚೆನ್ನಾಗಿದ್ದೀರಾ ಅಂತ ಕೇಳಿದಳಂತೆ."

ಊಟದ ಡಬ್ಬಿ ಮುಚ್ಚಿದೆ. ನನಗೆ ಕಣ್ಣೆದುರು ಬಂದದ್ದು ಗಂಡನ ಬೋಳು ತಲೆ. ಸಂಜೆ ಮನೆಗೆ ಓಡಿದೆ. ಅಷ್ಟರಲ್ಲಿ ಅವರು ಡ್ಯೂಟಿಗೆ ಹೋಗಿಯಾಗಿತ್ತು. ಬೆಳಿಗ್ಗೆ ಬಂದ ಕೂಡಲೇ ಆ ಬಟ್ಟೆ ಬಿಚ್ಚಿಸಿ ಒಲೆಗೆ ಹಾಕುತ್ತೇನೆ ಎಂದುಕೊಂಡೆ.

ಬೆಳಿಗ್ಗೆ ಗೋಡೌನಿಗೆ ಲಾರಿ ಬಂದಿತ್ತು, ಅವರು ಹೊರಡುವುದು ತಡವಾಯಿತು. ಉಪ್ಪಿಟ್ಟು ಕಟ್ಟಿಕೊಂಡು ನಾನೇ ಹೋದೆ. ಮಳೆ ಸಣ್ಣಗೆ ಬೀಳುತ್ತಿತ್ತು. ದೂರದಿಂದಲೇ ಎಡಿತ್‌ಳ ಕಾರು ಕಂಡಿತು. ಮೆಟ್ರೋ ಗುಂಡಿಯ ಹತ್ತಿರ ಸಿಕ್ಕಿಕೊಂಡು ನಿಂತಿತ್ತು, ಸರಿಯಾಗಿ ಗೋಡೌನಿನ ಎದುರಿಗೆ. ಅವಳು ಕಾರಿನಿಂದ ಇಳಿದು ಕೆಸರಿನಲ್ಲಿ ನಿಂತಿದ್ದಳು. ಅವಳ ಎದುರಿಗೆ ಕಬ್ಬಿಣದ ಗೇಟು. ಗೇಟಿನ ಸರಳುಗಳ ಹಿಂದೆ ಪಟ್ಟೆ ಬಟ್ಟೆಯಲ್ಲಿ, ಮೂಳೆಯೇ ಮೈಯಾಗಿ ನನ್ನ ಗಂಡ. ಯಾರೋ ದೊರೆಸಾನಿ ಬಂದಳು ಎಂದು ಅವರು ಎದ್ದು ನಿಂತರು, ಟೋಪಿ ತೆಗೆದರು. ಬೋಳು ತಲೆಯ ಮೇಲೆ ಮಳೆ ಬೀಳುತ್ತಿತ್ತು. ವಾಚ್‌ಮನ್ ಅಲ್ಲವೇ, ಎದೆ ಸೆಟೆಸಿ ಸೆಲ್ಯೂಟ್ ಹೊಡೆದರು.

ಆ ಹೆಂಗಸು ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಗೇಟು ಹಿಡಿದು ಕುಸಿದು ಕೂತು ವಾಂತಿ ಮಾಡಿದಳು. ಜೊತೆಯಲ್ಲಿದ್ದ ಶ್ವೇತಾ ಕೇಳಿದಳು: "ಈ ಬಟ್ಟೆ ಎಲ್ಲಿ ಸಿಕ್ತು ನಿಮಗೆ?"

ನನ್ನ ಗಂಡ ಕೈ ಮುಗಿದು ನಗುನಗುತ್ತಲೇ ಹೇಳಿದರು: "ನಮ್ಮನೆಯವಳು ತಂದಿದ್ದಮ್ಮ. ಇಲ್ಲೇ ಫ್ಯಾಕ್ಟರೀಲಿ ಟೈಲರು. ನಿಂಗಮ್ಮ ಅಂತ."

ಆ ಬಟ್ಟೆಯ ಒಂದು ಚೂರೂ ಹೊರಗೆ ಹೋಗಬಾರದು, ಹಾಳಾದದ್ದನ್ನೆಲ್ಲ ಕತ್ತರಿಸಿ ಸುಡಬೇಕು ಎಂದು ಸಿನಿಮಾದವರು ಸುಜಾತಳಿಗೆ ಮೊದಲೇ ಹೇಳಿದ್ದರಂತೆ. ಸತ್ತವರ ಬಟ್ಟೆಯನ್ನು ಯಾರೂ ಬೀದಿಯಲ್ಲಿ ಮೆರೆಸಬಾರದು ಎಂದು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಹಬ್ಬದ ಪದ್ಧತಿ ತಪ್ಪಿಸಿದರೆ ಹೆಂಗಸರು ಗೊಣಗುತ್ತಾರೆ, ಯಾರು ನೋಡುತ್ತಾರೆ ಎಂದು ಹಂಚಿದ್ದಳು.

ಅವತ್ತು ಉಪ್ಪಿಟ್ಟು ಕೊಡುವುದನ್ನೂ ಮರೆತು ಎಡಿತ್ ಹಿಂದೆಯೇ ಫ್ಯಾಕ್ಟರಿಗೆ ಹೋದೆ. ನಾನು ಮಿಷನ್ನಿನ ಮುಂದೆ ಕೂತ ಸ್ವಲ್ಪ ಹೊತ್ತಿಗೆ ನಮ್ಮ ಲೈನಿನ ಮಿಷನ್ನುಗಳಿಗೆಲ್ಲ ಕರೆಂಟು ಆಫ್ ಮಾಡಿದರು. ಸುಜಾತ, ಎಡಿತ್, ಶ್ವೇತಾ ಮೂವರೂ ಬಂದು ನನ್ನ ಎದುರಿಗೆ ನಿಂತರು.

"ನಿಂಗಕ್ಕ, ಈ ಬಟ್ಟೆ ಹೊರಗೆ ಹೆಂಗೆ ಹೋಯ್ತು?" ಎಂದಳು ಸುಜಾತ.

"ನೀವೇ ಅಲ್ವಾ ಮೇಡಂ ಕೊಟ್ಟಿದ್ದು?"

"ನಾನಾ? ನಾನು ಯಾವಾಗ ಕೊಟ್ಟೆ?"

"ವರಮಹಾಲಕ್ಷ್ಮಿ ಹಬ್ಬಕ್ಕೆ. ಭಾವಂಗೆ ಆಗುತ್ತೆ ಅಂತ ಟೋಪಿನೂ ಸೇರಿಸಿ ಕೊಟ್ಟೆಯಲ್ಲೇ ಸುಜಾತಾ." ಬಾಯಿ ತಪ್ಪಿ ಹೆಸರು ಹಿಡಿದುಬಿಟ್ಟೆ.

ಅವಳ ಮುಖ ಕಲ್ಲಾಯಿತು. "ನೋಡಿ ಅಕ್ಕಾ, ವಯಸ್ಸಾಗಿದೆ ನಿಮಗೆ. ಆಸೆ ಆಯ್ತು, ತಗೊಂಡ್ರಿ. ಒಪ್ಕೊಂಬಿಡಿ. ಪೊಲೀಸ್ಗೆ ಕೊಡಲ್ಲ ನಾನು. ಕೆಲಸ ಬಿಟ್ಟು ಹೋಗಿ, ಅಷ್ಟೇ."

"ಕದಿಯೋಕೆ ನಂಗೇನ್ ಬಂದಿದೆ? ಎಲ್ಲರಿಗೂ ನೀನೇ ಕೊಟ್ಟೆ. ಕೇಳು ಇವರನ್ನ."

ಎಡಿತ್ ಶ್ವೇತಾಳ ಕಿವಿಯಲ್ಲಿ ಏನೋ ಹೇಳಿದಳು. ಶ್ವೇತಾ ಲೈನಿನ ಕಡೆ ತಿರುಗಿ ಕೇಳಿದಳು: "ಮೇಡಂ ಇವರಿಗೆ ಬಟ್ಟೆ ಕೊಟ್ಟಿದ್ದನ್ನ ಯಾರಾದ್ರೂ ನೋಡಿದ್ದೀರಾ? ನೋಡಿದ್ರೆ ಹೇಳಿ, ಭಯ ಪಡಬೇಡಿ."

ಮಳೆ ತಗಡಿನ ಮೇಲೆ ಬೀಳುವುದು ಬಿಟ್ಟರೆ ಒಂದು ಸದ್ದಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಪಟ್ಟೆ ಬಟ್ಟೆ ಇತ್ತು. ಎಲ್ಲರೂ ತಲೆ ತಗ್ಗಿಸಿದ್ದರು. ನಾನು ಜಯಮ್ಮನ ಕಡೆ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಸೂಜಿಯಲ್ಲಿ ದಾರ ಆಗಲೇ ಇತ್ತು.

"ಜಯಾ" ಎಂದೆ.

"ನಂಗೇನೂ ಗೊತ್ತಿಲ್ಲಪ್ಪ. ನಾನು ನೋಡಿಲ್ಲ" ಎಂದಳು. ಸೂಜಿಯಿಂದ ಕಣ್ಣು ಎತ್ತಲಿಲ್ಲ.

ಆಗ ಎಡಿತ್ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಹಿಂದಿನ ದಿನ ತಾನೇ ಪರದೆಗಳ ಕಥೆ ಹೇಳಿದವಳು, ಆ ಮೌನ ಎಂಥದ್ದು ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನಾನು ಕಾದೆ. ಆದರೆ ಸಿನಿಮಾದವರು ಕಾಯುತ್ತಿದ್ದರು, ಆ ವಾರವೇ ಬಟ್ಟೆ ಹಡಗೋ ವಿಮಾನವೋ ಏರಬೇಕಿತ್ತು. ಇದನ್ನು ಕೆದಕಿದರೆ ಸುಜಾತ ಹೋಗುತ್ತಾಳೆ, ಸುಜಾತ ಹೋದರೆ ಬಟ್ಟೆ ಹೋಗುವುದಿಲ್ಲ. ಎಡಿತ್ ಕಿಟಕಿಯ ಕಡೆ ತಿರುಗಿ ನಿಂತಳು. ಸೆಕ್ಯುರಿಟಿಯವನು ನನ್ನ ಉಪ್ಪಿಟ್ಟಿನ ಡಬ್ಬಿ ಬಿಚ್ಚಿ ನೋಡಿ, ಕೈಗೆ ಕೊಟ್ಟು, ಮೆಟ್ಟಿಲು ಇಳಿಸಿದ.

ಅವರದು ಜೀವ ಹೋದ ಕಥೆ, ನನ್ನದು ಕೆಲಸ ಹೋದ ಕಥೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಹುಚ್ಚಿ ನಾನಲ್ಲ. ಆದರೆ ತಲೆ ತಗ್ಗಿಸುವ ರೀತಿ ಎಲ್ಲ ಊರಿನಲ್ಲೂ ಒಂದೇ ಎಂದು ಅವತ್ತು ಗೊತ್ತಾಯಿತು.

ಕೆಲಸ ಹೋಗಿದ್ದು ನನಗೆ ದೊಡ್ಡದಾಗಿರಲಿಲ್ಲ. ಹೊಲಿಗೆ ಬರುವವಳು ಸೀರೆಗೆ ಫಾಲ್ ಹಚ್ಚಿಯಾದರೂ ಬದುಕುತ್ತಾಳೆ. ದೊಡ್ಡದು ಬೇರೆ ಇತ್ತು. ಅದೇ ಬೆಳಿಗ್ಗೆ ಫ್ಯಾಕ್ಟರಿಯವರು ಗೋಡೌನಿಗೆ ಹೋಗಿ, ಕಳ್ಳ ಮಾಲು ಎಂದು ಆ ಬಟ್ಟೆಯನ್ನು ಅಲ್ಲೇ ಬಿಚ್ಚಿಸಿಕೊಂಡಿದ್ದರು. ಮೂಟೆ ಹೊರುವವರ ಮುಂದೆ, ಲಾರಿ ಡ್ರೈವರ್ ಮುಂದೆ. ನನ್ನ ಗಂಡ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಮಳೆಯಲ್ಲಿ ನಡೆದು ಮನೆಗೆ ಬಂದಿದ್ದರು. ಒಂದು ಮೊಳೆ ಕಳೆಯದ ಮನುಷ್ಯ.

ನಾನು ಬಂದಾಗ ಗೋಡೆಗೆ ಒರಗಿ ಕೂತಿದ್ದರು. ಆದದ್ದೆಲ್ಲ ಹೇಳಿದೆ. ಸುಜಾತ ಕೊಟ್ಟಿದ್ದು, ಎಲ್ಲರಿಗೂ ಹಂಚಿದ್ದು, ಜಯಮ್ಮ ಸೂಜಿ ನೋಡುತ್ತ ಕೂತದ್ದು. ಪೂರ್ತಿ ಕೇಳಿದರು. ಕೇಳಿ, "ನಿಜ ಹೇಳು. ನೀನೇ ಎತ್ಕೊಂಡ್ ಬಂದ್ಯಾ?" ಎಂದರು.

"ಈಗ ಹೇಳಿದ್ದೇನು ನಾನು?"

"ಅಷ್ಟು ಜನ ಇದ್ರಲ್ಲ, ಒಬ್ರೂ ಹೇಳ್ಲಿಲ್ಲ ಅಂದ್ರೆ ಹೆಂಗೆ? ಜಯಮ್ಮನೂ ಇಲ್ಲ ಅಂದ್ಳಾ?"

"ಅಂದ್ಳು."

"ಮಾದಪ್ಪನ ಮೇಲೆ ಆಣೆ ಮಾಡು. ಸುಮ್ನಾಗ್ತೀನಿ."

ನಾನು ಆಣೆ ಮಾಡಲಿಲ್ಲ. ಅವರ ಜೊತೆ ಬಾಳಿದ ಅಷ್ಟು ವರ್ಷದಲ್ಲಿ ಹಾಲಿನವನಿಗೆ ಒಂದು ಸುಳ್ಳು ಹೇಳಿದವಳಲ್ಲ. ನನ್ನ ಮಾತಿಗೆ ದೇವರನ್ನು ಜಾಮೀನು ಕರೆಯಬೇಕು ಎಂದರೆ ಆ ಮಾತು ಬೇಡವೇ ಬೇಡ ಎಂದೆ. ಆಣೆ ಮಾಡಲಿಲ್ಲ ಎಂದ ಮೇಲೆ ಕದ್ದಿದ್ದಾಳೆ ಎಂದು ಅವರು ತೀರ್ಮಾನ ಮಾಡಿದರು. ಬಾಯಿ ಬಿಟ್ಟು ಹೇಳಲಿಲ್ಲ. ಊಟದ ತಟ್ಟೆಯನ್ನು ನಾನು ಕೊಡುವ ಮುಂಚೆ ತಾವೇ ತೆಗೆದುಕೊಳ್ಳಲು ಶುರುಮಾಡಿದರು. ಗೋಡೌನಿನ ಬೀಗದ ಕೈ ಮೊದಲು ದೇವರ ಗೂಡಿನಲ್ಲಿರುತ್ತಿತ್ತು, ಆಮೇಲೆ ಸೊಂಟದ ದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದರು. ಒಂದೇ ಕೋಣೆಯ ಮನೆ. ನಾನು ನೋಡುತ್ತಿದ್ದೆ.

ವಠಾರದಲ್ಲೂ ಸುದ್ದಿ ಹಬ್ಬಿತು. ನಲ್ಲಿಯ ಹತ್ತಿರ ನಾನು ಬಂದರೆ ಮಾತು ನಿಲ್ಲುತ್ತಿತ್ತು. ಮಿಕ್ಕ ಮನೆಗಳ ಪಟ್ಟೆ ಬಟ್ಟೆ ಎಲ್ಲ ಅದೇ ವಾರ ಒಲೆಗೆ ಬಿತ್ತು. ಒಂದು ಸಂಜೆ ಜಯಮ್ಮನ ನೀರೊಲೆಯಿಂದ ಬಟ್ಟೆ ಸುಡುವ ಕಮಟು ನಮ್ಮ ಮನೆಯವರೆಗೂ ಬಂತು.

ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಮುತ್ತೈದೆಯರು ಒಬ್ಬರಿಗೊಬ್ಬರು ಮೊರದ ಬಾಗಿನ ಕೊಡುವ ಹಬ್ಬ. ಅರಿಸಿನ, ಕುಂಕುಮ, ಬಳೆ, ಬೇಳೆ, ಬೆಲ್ಲ ಎಲ್ಲ ಮೊರದಲ್ಲಿಟ್ಟು, ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುವುದು. ಕೊಟ್ಟ ಬಾಗಿನ ಬೇಡ ಎಂದವರನ್ನು ನಾನು ಕಂಡಿಲ್ಲ. ಸಂಜೆ ಜಯಮ್ಮ ಹೊಸ ಸೀರೆ ಉಟ್ಟು ಬಾಗಿನ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಯಜಮಾನರು ಹೊರಗೆ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದವರು ಒಳಗೆ ಬರಲಿಲ್ಲ. ಅವಳು ಒಳಗೆ ಬಂದು ಬಾಗಿನ ಕೊಟ್ಟು ಕೂತಳು.

"ಹೆಂಗಿದ್ದೀಯಾ ನಿಂಗಕ್ಕ?"

"ಕಾಣ್ತಿದೆಯಲ್ಲ."

ಸ್ವಲ್ಪ ಹೊತ್ತು ಬಳೆ ತಿರುಗಿಸಿಕೊಂಡಳು. ಆಮೇಲೆ ದನಿ ಇಳಿಸಿ ಹೇಳಿದಳು: "ಮೇಡಂ ಕೈಯಾರೆ ಕೊಟ್ಟಿದ್ದು ನಾನು ನೋಡಿದ್ದೆ ಕಣಕ್ಕ. ಟೋಪಿ ಹಾಕಿ ಕೊಟ್ಟಿದ್ದನ್ನೂ ನೋಡಿದ್ದೆ. ಏನ್ ಮಾಡ್ಲಿ, ನಂಗೂ ಸಂಸಾರ ಇದೆ. ನಮ್ಮನೇಲೂ ಎರಡಿತ್ತು."

"ಇದನ್ನ ಹೊರಗೆ ಕೂತಿರೋರಿಗೆ ಹೇಳು."

"ಅಯ್ಯೋ, ಅಣ್ಣಂಗ್ಯಾಕೆ ಈಗ?"

"ಬೇರೆ ಯಾರಿಗೂ ಹೇಳಬೇಡ. ಮೇಡಂಗೆ ಹೇಳಬೇಡ, ಲೈನಿಗೆ ಹೇಳಬೇಡ. ಅವರೊಬ್ಬರಿಗೆ ಹೇಳಿ ಹೋಗು ಜಯಾ. ಅಷ್ಟೇ ಕೇಳ್ತಿರೋದು."

ಅವಳು ಎದ್ದಳು. ಬಾಗಿಲವರೆಗೆ ಹೋದಳು. ನಾನು ಅವಳ ಬೆನ್ನು ನೋಡುತ್ತ ನಿಂತೆ. ಜಗಲಿಯ ಮೇಲೆ ಅವರು ತಲೆ ಎತ್ತಿದರು.

"ಹಬ್ಬ ಚೆನ್ನಾಗಾಯ್ತಾ ಅಣ್ಣಾ? ಮೈ ಕೈ ತುಂಬ್ಕೊಂಡಿದ್ದೀರ, ಕೂದಲೂ ಬರ್ತಿದೆ" ಎಂದಳು ಜಯಮ್ಮ.

ಅವಳು ಚಪ್ಪಲಿ ಮೆಟ್ಟುವ ಮುಂಚೆ ನಾನು ಬಾಗಿನದ ಮೊರ ತಂದು ಅವಳ ಕೈಗೆ ವಾಪಸ್ ಇಟ್ಟೆ. "ತಗೊಂಡೋಗು" ಎಂದೆ. ಅವಳ ಮುಖ ಬಿಳುಚಿತು. "ಕೆಟ್ಟದ್ದಾಗುತ್ತೆ ಕಣಕ್ಕ" ಎಂದಳು. "ಆಗಿದೆ" ಎಂದೆ. ಅವಳು ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರೂ ನೋಡಬಾರದು ಎಂದು ಗೋಡೆ ಸವರಿಕೊಂಡು ಹೋದಳು.

ಒಳಗೆ ಬಂದು ಒಲೆ ಹಚ್ಚಿದೆ. ಯಜಮಾನರು ಹಿಂದೆಯೇ ಬಂದು ನಿಂತರು. "ಅವಳು ಒಳಗೆ ಹೇಳಿದ್ದು ನಂಗೆ ಕೇಳಿಸ್ತು" ಎಂದರು.

ನಾನು ಅನ್ನಕ್ಕೆ ಎಸರಿಡುತ್ತಿದ್ದೆ.

"ಸುಜಾತನೇ ಕೊಟ್ಟಿದ್ದಂತೆ. ಜಯಮ್ಮ ನೋಡಿದ್ಳಂತೆ" ಎಂದರು, ನನಗೆ ಗೊತ್ತಿಲ್ಲದ ಸುದ್ದಿ ತಂದವರ ಹಾಗೆ. ಅವರ ಮುಖ ಹಗುರವಾಗಿತ್ತು. ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ ದೇವರ ಗೂಡಿನಲ್ಲಿಟ್ಟರು. "ನಂಗೆ ಗೊತ್ತಿತ್ತು ಬಿಡು, ನೀನು ಅಂಥವಳಲ್ಲ ಅಂತ" ಎಂದರು.

"ನಾನು ಹೇಳಿದ್ದೂ ಅದನ್ನೇ ಅಲ್ವಾ?" ಎಂದೆ.

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ಹಬ್ಬದ ಅಡುಗೆ ಏನು ಎಂದು ಕೇಳಿದರು. ಬಡಿಸಿದೆ. ಆಮೇಲೆ ಅವರು ಬದುಕಿದ್ದ ಅಷ್ಟೂ ವರ್ಷ ಹೊತ್ತು ಹೊತ್ತಿಗೆ ಬಡಿಸಿದೆ, ಕಾಯಿಲೆಯಲ್ಲಿ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ನನ್ನ ಒಳಗಿನ ಒಂದು ಮಾತನ್ನೂ ಅವರಿಗೆ ಮತ್ತೆ ಹೇಳಲಿಲ್ಲ. ಹೇಳದೆ ಇದ್ದದ್ದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.